ದೇವರ ಕುರಿ, ಮೂರು ಬೀಗದ ಪೆಟ್ಟಿಗೆ

ಐನೂರು ವರ್ಷದ ಹಿಂದೆ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ದೇವರಿಗೆ ಕುರಿಗಳಿದ್ದವು. ಹಳ್ಳಿಯ ಹೆಸರು ಮೋರ್‌ಬಾತ್. ಡೆವನ್ ಅನ್ನುವ ಜಿಲ್ಲೆ, ಎಕ್ಸ್‌ಮೂರ್ ಅನ್ನುವ ಗುಡ್ಡಗಾಡಿನ ಅಂಚು. ಇದ್ದದ್ದು 33 ಕುಟುಂಬ. ಆ 33 ಕುಟುಂಬದ ಚರ್ಚ್‌ನಲ್ಲಿ ಮೇರಿಯಮ್ಮನ ಹೆಸರಿನ ಕುರಿ, ಸಂತರ ಹೆಸರಿನ ಕುರಿ ಅಂತ ಬೇರೆ ಬೇರೆ ಇದ್ದವು. ಅವುಗಳ ಉಣ್ಣೆ ಮಾರಿದ ದುಡ್ಡಿನಲ್ಲಿ ಆಯಾ ಮೂರ್ತಿಯ ಮುಂದೆ ದೀಪ ಉರಿಯುತ್ತಿತ್ತು.

ಇದನ್ನು ಚಳ್ಳಕೆರೆ, ಮೊಳಕಾಲ್ಮುರು ಕಡೆಯವರಿಗೆ ಹೇಳಿದರೆ ಯಾರೂ ಆಶ್ಚರ್ಯಪಡುವುದಿಲ್ಲ. ನಮ್ಮ ಕಡೆ ಮ್ಯಾಸಬೇಡ ಸಮುದಾಯದವರ ದೇವರ ಎತ್ತುಗಳು ಇವತ್ತಿಗೂ ಇವೆ. ಅವನ್ನು ಉಳುವುದಕ್ಕೆ ಕಟ್ಟುವುದಿಲ್ಲ, ಮಾರುವುದಿಲ್ಲ, ದೇವರ ಹೆಸರಿಗೆ ಬಿಟ್ಟವು, ಕಾಯುವುದಕ್ಕೆ ಕಿಲಾರಿಗಳಿರುತ್ತಾರೆ, ಬರ ಬಂದ ವರ್ಷ ಮೇವಿಲ್ಲ ಅಂತ ಪೇಪರಿನಲ್ಲಿ ಫೋಟೋ ಬರುತ್ತದಲ್ಲ, ಅವೇ. ನಮ್ಮ ದೊಡ್ಡಪ್ಪನಿಗೆ ಈ ಇಂಗ್ಲಿಷ್ ಕುರಿಗಳ ವಿಷಯ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು.

"ಅದು ಸರಿ, ಮೇಯಿಸೋರು ಯಾರಪ್ಪ?"

ಕೇಳಬೇಕಾದ ಪ್ರಶ್ನೆ ಅದೇ. ಮೇಯಿಸುತ್ತಿದ್ದವರು ಊರಿನವರೇ. ದೇವರ ಕುರಿಯನ್ನು ಒಂದೊಂದು ಮನೆಯವರು ತಮ್ಮ ಕುರಿಗಳ ಜೊತೆ ಸೇರಿಸಿಕೊಂಡು ಸಾಕಬೇಕು. ವರ್ಷಕ್ಕೊಮ್ಮೆ ಲೆಕ್ಕ. ಯಾವ ಕುರಿ ಯಾರ ಮನೆಯಲ್ಲಿದೆ, ಯಾವುದು ಸತ್ತಿತು, ಉಣ್ಣೆ ಎಷ್ಟಕ್ಕೆ ಹೋಯಿತು. ಈ ಲೆಕ್ಕ ಬರೆದವರು ಅಲ್ಲಿನ ಪಾದ್ರಿ ಕ್ರಿಸ್ಟೋಫರ್ ಟ್ರಿಕಿ. 1520ರಲ್ಲಿ ಆ ಊರಿಗೆ ಬಂದವರು 1574ರಲ್ಲಿ ಸಾಯುವವರೆಗೂ ಅಲ್ಲೇ ಇದ್ದರು. ಬರೆದದ್ದನ್ನು ಊರಿನವರನ್ನೆಲ್ಲ ಕೂರಿಸಿಕೊಂಡು ಗಟ್ಟಿಯಾಗಿ ಓದುತ್ತಿದ್ದರು. ಆ ಪುಸ್ತಕ ಉಳಿದುಬಂದಿದೆ, ಅದರಿಂದಲೇ ಇಷ್ಟೆಲ್ಲ ಗೊತ್ತಾಗಿರುವುದು.

ನಾನಿರುವುದು ಚಿತ್ರದುರ್ಗದಲ್ಲಿ, ಊರು ಚಳ್ಳಕೆರೆ ತಾಲ್ಲೂಕು. ಊರ ಗುಡಿ ಕಮಿಟಿಯ ಲೆಕ್ಕ ನನ್ನ ಕೈಯಲ್ಲಿದೆ. ಯಾಕೆ ಸಿಕ್ಕಿತು ಅಂದರೆ ಬೇರೆ ಯಾರಿಗೂ ಬೇಡವಾಗಿತ್ತು, ಅಷ್ಟೇ. ಹಾಗಾಗಿ ಇಂಗ್ಲೆಂಡಿನ ಹಳ್ಳಿ ಚರ್ಚುಗಳ ಬಗ್ಗೆ ಓದುವಾಗ ನನ್ನ ಕಣ್ಣು ಹೋಗಿದ್ದು ಗೋಪುರ, ಬಣ್ಣದ ಗಾಜಿನ ಕಿಟಕಿಗಳ ಕಡೆಗಲ್ಲ. ಹಸಿರು ಹುಲ್ಲು, ಕಲ್ಲಿನ ಗೋಪುರ, ಮೇಲೆ ಬಿಳಿ ಮೋಡ ಅನ್ನುವ ಕ್ಯಾಲೆಂಡರ್ ಚಿತ್ರ ಎಲ್ಲರೂ ನೋಡಿದ್ದೇವೆ. ಆ ಚಿತ್ರದ ಒಳಗೆ ಹೋದರೆ ಸಿಗುವುದು ಜಮಾ-ಖರ್ಚು, ಪಾಳಿ, ಬಾಕಿ ವಸೂಲಿ, ಯಾರು ಎಲ್ಲಿ ಕೂರಬೇಕು ಅನ್ನುವ ಜಗಳ. ನನಗೆ ಅದೇ ಇಷ್ಟವಾಯಿತು. ಒಂದು ಊರು ಊರಾಗಿ ಉಳಿದದ್ದು ಭಕ್ತಿಯಿಂದ ಎಷ್ಟೋ, ಈ ಪಾಳಿ ಮತ್ತು ಲೆಕ್ಕದಿಂದ ಅದಕ್ಕಿಂತ ಜಾಸ್ತಿ ಅಂತ ನನ್ನ ಅಭಿಪ್ರಾಯ.

ಮೊದಲು ಕಟ್ಟಡ ಯಾರದ್ದು ನೋಡೋಣ. ಹಳೇ ಹಳ್ಳಿ ಚರ್ಚ್‌ನಲ್ಲಿ ಎರಡು ಭಾಗ. ಪೂರ್ವದ ಕಡೆ ಪೂಜೆ ನಡೆಯುವ ಜಾಗ, ನಮ್ಮ ಗರ್ಭಗುಡಿ ಇದ್ದ ಹಾಗೆ. ಅದರ ಮುಂದೆ ಜನ ಸೇರುವ ದೊಡ್ಡ ಅಂಕಣ. ಒಳಭಾಗದ ರಿಪೇರಿ ರೆಕ್ಟರ್‌ದು, ಅಂದರೆ ಊರಿನ ಬೆಳೆಯಲ್ಲಿ ದೊಡ್ಡ ಪಾಲು ತಿನ್ನುವ ಪಾದ್ರಿಯದ್ದು. ಹೊರಗಿನ ಅಂಕಣದ ರಿಪೇರಿ ಊರಿನವರದ್ದು. ಸೂರು ಸೋರಿದರೆ ಯಾವ ಕಡೆ ಸೋರಿತು ಅನ್ನುವುದರ ಮೇಲೆ ದುಡ್ಡು ಯಾರು ಬಿಚ್ಚಬೇಕು ಅಂತ ತೀರ್ಮಾನ.

ಇದು ಹಳೇ ಕಥೆ ಅಂದುಕೊಳ್ಳಬೇಡಿ. ಮಠಗಳನ್ನು ಮುಚ್ಚಿಸಿದ ರಾಜ ಎಂಟನೇ ಹೆನ್ರಿಯ ಕಾಲದಲ್ಲಿ, ಮಠಗಳ ಕೈಯಲ್ಲಿದ್ದ ಅಂಥ ರೆಕ್ಟರ್ ಜಮೀನುಗಳು ಎಷ್ಟೋ ಕಡೆ ಸಾಮಾನ್ಯ ಜನರ ಕೈಗೆ ಹೋದವು. ಜಮೀನಿನ ಜೊತೆ ರಿಪೇರಿ ಹೊಣೆಯೂ ಹೋಯಿತು. ವಾರ್ವಿಕ್‌ಶೈರ್‌ನ ಆಸ್ಟನ್ ಕ್ಯಾಂಟ್ಲೋ ಅನ್ನುವ ಹಳ್ಳಿಯಲ್ಲಿ ಅಂಥ ಜಮೀನು ಪಿತ್ರಾರ್ಜಿತವಾಗಿ ಬಂದ ಒಂದು ದಂಪತಿಗೆ ಚರ್ಚ್‌ನವರು ರಿಪೇರಿ ಬಿಲ್ ಕಳಿಸಿದರು. ಕೇಸು ದೇಶದ ಅತಿ ದೊಡ್ಡ ಕೋರ್ಟಿನವರೆಗೆ ಹೋಯಿತು. 2003ರಲ್ಲಿ ತೀರ್ಪು ಬಂತು, ಕಟ್ಟಲೇಬೇಕು ಅಂತ. ಕೊನೆಗೆ ಅವರು ಆ ಫಾರ್ಮನ್ನೇ ಮಾರಬೇಕಾಯಿತು. ಇನಾಮು ಜಮೀನಿನ ತಕರಾರು ನೋಡಿ ಬೆಳೆದ ನಮ್ಮಂಥವರಿಗೆ ಇದನ್ನು ಓದಿದರೆ ಹೊಟ್ಟೆ ಒಳಗೆ ಏನೋ ಆಗುತ್ತದೆ. ನಮ್ಮಲ್ಲಿ 1955ರ ಮೈಸೂರು ಕಾಯ್ದೆ ಬಂದು ದೇವಸ್ಥಾನದ ಇನಾಮು ರದ್ದಾಯಿತು, ಜಮೀನು ಉಳುವವರಿಗೆ ಹೋಯಿತು, ಗುಡಿಗೆ ತಸ್ತೀಕು ಅಂತ ಒಂದಿಷ್ಟು ಉಳಿಯಿತು. ಅಲ್ಲಿ ಜಮೀನು ಹೋದ ಮೇಲೂ ಹೊಣೆ ಮಾತ್ರ ಅದರ ಬೆನ್ನು ಬಿಡಲಿಲ್ಲ.

ದುಡ್ಡು ಎಲ್ಲಿಂದ ಬರುತ್ತಿತ್ತು? ಮೊದಲನೆಯದು ಹತ್ತರಲ್ಲಿ ಒಂದು ಪಾಲು. ಗೋಧಿ, ಹುಲ್ಲು, ಕುರಿಮರಿ, ಉಣ್ಣೆ, ಹಾಲು, ಎಲ್ಲದರಲ್ಲೂ. ಕಣದಲ್ಲೇ ಆಯ ಅಳೆದು ಕೊಡುವ ಪದ್ಧತಿ ನೋಡಿದವರಿಗೆ ಇದು ಅರ್ಥವಾಗುತ್ತದೆ, ಆದರೆ ಆಯ ಬಡಗಿ, ಕಮ್ಮಾರ ಎಲ್ಲರಿಗೂ ಹಂಚಿಹೋಗುತ್ತಿತ್ತು, ಇಲ್ಲಿ ಪಾದ್ರಿಯ ಕಣಜಕ್ಕೇ ಹೋಗುತ್ತಿತ್ತು. ರೈತರಿಗೆ ಇದರ ಮೇಲೆ ಎಷ್ಟು ಸಿಟ್ಟಿತ್ತು ಅಂದರೆ, 1836ರಲ್ಲಿ ಕಾಯ್ದೆ ಮಾಡಿ ಇದನ್ನು ಕಾಳಿನಿಂದ ಹಣಕ್ಕೆ ಬದಲಾಯಿಸಬೇಕಾಯಿತು. ಪೂರ್ತಿ ಹೋಗಿದ್ದು 1936ರ ಕಾಯ್ದೆಯಿಂದ. ಎರಡನೆಯದು ಪಾದ್ರಿಯ ಉಂಬಳಿ ಹೊಲ. ಅದನ್ನು ಎಷ್ಟೋ ಪಾದ್ರಿಗಳು ತಾವೇ ಉಳುತ್ತಿದ್ದರು.

ಮೂರನೆಯದು ಮಜಾ. ಊರಿಗೆಲ್ಲ ಏಲ್, ಅಂದರೆ ಒಂದು ಥರದ ಬಿಯರ್, ಕುದಿಸಿ ಮಾರುವುದು! ಚರ್ಚ್ ಪಕ್ಕದಲ್ಲೇ ಒಂದು ಮನೆ, ಅಲ್ಲಿ ದೊಡ್ಡ ಹಂಡೆ. ಹಬ್ಬದ ದಿನ ಪಕ್ಕದ ಊರಿನವರೂ ಬಂದು ಕುಡಿದು ತಿಂದು ಕುಣಿದು ಹೋಗಬೇಕು, ಬಂದ ಲಾಭ ಚರ್ಚ್‌ಗೆ. ಇದನ್ನು ಕೇಳಿ ನಮ್ಮ ಕಮಿಟಿಯ ಹುಡುಗರು ಬಹಳ ಉತ್ಸಾಹ ತೋರಿಸಿದರು, ಹಿರಿಯರು ತಿರುಗಿ ನೋಡಿದ ಮೇಲೆ ಸುಮ್ಮನಾದರು. ನಮ್ಮಲ್ಲಿ ಆ ಕೆಲಸವನ್ನು ಹರಾಜು ಮಾಡುತ್ತದೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಯಲ್ಲಿ ಮುಕ್ತಿ ಬಾವುಟ ಲಕ್ಷಗಟ್ಟಲೆಗೆ ಹೋಗುತ್ತದಲ್ಲ, ಹಾಗೆ. ಮುಂದೆ ಕಟ್ಟುನಿಟ್ಟಿನ ಪಂಥದವರು ಬಲವಾದ ಕಾಲಕ್ಕೆ ಈ ಏಲ್ ಹಬ್ಬಗಳಿಗೆ ಎಲ್ಲ ಕಡೆ ಅಡ್ಡಿ ಬಂತು. ನನಗೇನೋ ಅದು ಅನ್ಯಾಯ ಅನಿಸಿತು.

ದೊಡ್ಡ ದುಡ್ಡು ಬಂದ ಕಡೆ ಚರ್ಚೂ ದೊಡ್ಡದಾಯಿತು. ಸಫೋಕ್‌ನ ಲ್ಯಾವೆನ್‌ಹ್ಯಾಮ್, ಕಾಟ್ಸ್‌ವೋಲ್ಡ್ಸ್‌ನ ನಾರ್ತ್‌ಲೀಚ್ ಇವೆಲ್ಲ ಸಣ್ಣ ಊರುಗಳು, ಆದರೆ ಚರ್ಚ್ ನೋಡಿದರೆ ಪಟ್ಟಣದ್ದು ಅನ್ನಬೇಕು. ಕಾರಣ ಉಣ್ಣೆ ವ್ಯಾಪಾರ. ನಾರ್ತ್‌ಲೀಚ್ ಚರ್ಚ್‌ನ ನೆಲದಲ್ಲಿ ಉಣ್ಣೆ ವ್ಯಾಪಾರಿಗಳ ಹಿತ್ತಾಳೆ ಫಲಕಗಳಿವೆ. ಯಜಮಾನರು ಕೈಮುಗಿದು ನಿಂತಿದ್ದಾರೆ, ಪಾದ ಊರಿರುವುದು ಕುರಿಯ ಮೇಲೆ, ಉಣ್ಣೆ ಮೂಟೆಯ ಮೇಲೆ. ಎಲ್ಲಿಂದ ಬಂತು ದುಡ್ಡು ಅಂತ ಮುಚ್ಚಿಟ್ಟಿಲ್ಲ, ಸತ್ತ ಮೇಲೂ ಅದರ ಮೇಲೇ ನಿಂತಿದ್ದಾರೆ. ದಾವಣಗೆರೆಯಲ್ಲಿ ಹತ್ತಿ ಮಿಲ್ಲುಗಳ ಕಾಲದಲ್ಲಿ ಛತ್ರ, ಶಾಲೆ, ಗುಡಿ ಎದ್ದವಲ್ಲ, ಹತ್ತಿ ಮೂಟೆಯ ಮೇಲೆ ನಿಂತ ಸಾಹುಕಾರರ ಒಂದು ಮೂರ್ತಿಯನ್ನೂ ನಾನು ಎಲ್ಲೂ ನೋಡಿಲ್ಲ.

ಮೋರ್‌ಬಾತ್‌ಗೆ ಅಂಥ ಸಾಹುಕಾರರಿರಲಿಲ್ಲ. 1534ರಲ್ಲಿ ಕಳ್ಳ ಒಳಗೆ ನುಗ್ಗಿ ಪೂಜೆಯ ಬಟ್ಟಲನ್ನು ಹೊತ್ತೊಯ್ದ. ಊರಿನ ಮದುವೆಯಾಗದ ಹುಡುಗರು ಮತ್ತು ಹುಡುಗಿಯರು ತಾವೇ ಸೇರಿ ದುಡ್ಡೆತ್ತಿ ಹೊಸ ಬಟ್ಟಲು ತಂದರು, ಊರಿನ ಮೇಲೆ ಒಂದು ಕಾಸೂ ಹೊರೆ ಹಾಕಲಿಲ್ಲ. ಹುಡುಗರದ್ದೇ ಒಂದು ನಿಧಿ, ಹುಡುಗಿಯರದ್ದೇ ಒಂದು ನಿಧಿ ಇತ್ತು, ಅದನ್ನು ನೋಡಿಕೊಳ್ಳುವವರನ್ನು ಅವರೊಳಗಿಂದಲೇ ಆರಿಸುತ್ತಿದ್ದರು. ಊರಿನ ದೊಡ್ಡ ಲೆಕ್ಕ ನೋಡಿಕೊಳ್ಳುವ ವಾರ್ಡನ್ ಕೆಲಸ ಮನೆಯಿಂದ ಮನೆಗೆ ಸುತ್ತುತ್ತಿತ್ತು, ಪಾಳಿ ಬಂದರೆ ವಿಧವೆಯೂ ಮಾಡಿದ್ದುಂಟು. ನಮ್ಮ ಕಮಿಟಿಯಲ್ಲಿ ಇವತ್ತಿಗೂ ಒಬ್ಬ ಹೆಂಗಸಿಲ್ಲ. ಈ ಸಾಲು ಕಮಿಟಿಯವರು ಓದಲಿ ಅಂತಲೇ ಬರೆದಿದ್ದೇನೆ.

ಹಳೇ ಚರ್ಚುಗಳಲ್ಲಿ ಒಂದು ಮರದ ಪೆಟ್ಟಿಗೆ ಇರುತ್ತದೆ. ದಪ್ಪ ಓಕ್ ಮರ, ಕಬ್ಬಿಣದ ಪಟ್ಟಿ. 1600ರ ದಶಕದ ಶುರುವಿನ ನಿಯಮದ ಪ್ರಕಾರ ಅದಕ್ಕೆ ಮೂರು ಬೀಗ ಇರಬೇಕು. ಒಂದು ಕೀ ಪಾದ್ರಿ ಹತ್ತಿರ, ಇನ್ನೆರಡು ಇಬ್ಬರು ವಾರ್ಡನ್‌ಗಳ ಹತ್ತಿರ. ಮೂವರೂ ಬರದಿದ್ದರೆ ಪೆಟ್ಟಿಗೆ ತೆರೆಯುವುದಿಲ್ಲ. ಬ್ಯಾಂಕಿನಲ್ಲಿ ಜಂಟಿ ಖಾತೆ ಮಾಡಿಸಿ, ಒಬ್ಬರು ಬೆಂಗಳೂರಿಗೆ ಮಗನ ಮನೆಗೆ ಹೋಗಿ ಕೂತರೆ ಚೆಕ್ಕಿಗೆ ಸಹಿ ಇಲ್ಲದೆ ತೇರಿನ ಗಾಲಿ ರಿಪೇರಿ ನಿಂತುಹೋದದ್ದನ್ನು ನಾನು ಕಂಡಿದ್ದೇನೆ. ಆದರೂ ಮೂರು ಬೀಗವೇ ಒಳ್ಳೆಯದು. ಒಂದೇ ಕೀ ಇದ್ದ ಗುಡಿಗಳ ಕಥೆ ನಮ್ಮ ಜಿಲ್ಲೆಯಲ್ಲಿ ಯಾರಿಗೆ ಗೊತ್ತಿಲ್ಲ?

ಆ ಪೆಟ್ಟಿಗೆಯಲ್ಲಿ ಇಡುತ್ತಿದ್ದ ಮುಖ್ಯ ವಸ್ತು ರಿಜಿಸ್ಟರ್. 1538ರಲ್ಲಿ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಒಂದು ಆಜ್ಞೆ ಹೊರಡಿಸಿದ. ಪ್ರತಿ ಚರ್ಚ್‌ನಲ್ಲೂ ದೀಕ್ಷಾಸ್ನಾನ, ಮದುವೆ, ಮಣ್ಣು ಮಾಡಿದ್ದು ಮೂರನ್ನೂ ವಾರವಾರ ಬರೆದಿಡಬೇಕು. ಜನ ಹೆದರಿದರು. ಇದು ಹೊಸ ತೆರಿಗೆಗೆ ಪೀಠಿಕೆ ಅಂತ ಗುಲ್ಲೆದ್ದಿತು. ಹೆಸರು ಬರೆದುಕೊಂಡು ಹೋಗಲು ಸರ್ಕಾರದವರು ಬಂದರೆ ನಮ್ಮಲ್ಲೂ ಮೊದಲು ಹುಟ್ಟುವ ಅನುಮಾನ ಅದೇ ತಾನೇ. ತೆರಿಗೆ ಬರಲಿಲ್ಲ, ರಿಜಿಸ್ಟರ್ ಉಳಿಯಿತು. 1598ರಲ್ಲಿ ಕಾಗದದ ಮೇಲಿದ್ದನ್ನೆಲ್ಲ ಚರ್ಮದ ಹಾಳೆಗೆ ನಕಲು ಮಾಡಿಸಿದರು. ಹಾಗಾಗಿ ಇವತ್ತು ಅಲ್ಲಿನ ಒಬ್ಬ ಕೂಲಿಯವನ ವಂಶವನ್ನೂ ಹತ್ತು ಹನ್ನೆರಡು ತಲೆಮಾರು ಹಿಂದಕ್ಕೆ ಹುಡುಕಬಹುದು. ನಮ್ಮಲ್ಲಿ ಈ ಕೆಲಸ ಹೆಳವರು ಮಾಡಿದರು. ಎತ್ತಿನ ಮೇಲೆ ಬಂದು ಮನೆ ಮುಂದೆ ನಿಂತು ಮುತ್ತಾತನ ಮುತ್ತಾತನ ಹೆಸರು ಒಪ್ಪಿಸಿ ಕಾಳು ಇಸಿದುಕೊಂಡು ಹೋಗುತ್ತಿದ್ದರು. ನಮ್ಮ ಮನೆಗೆ ಅವರು ಬರುವುದು ನಿಂತು ಎಷ್ಟೋ ವರ್ಷವಾಯಿತು. ಅವರು ಬಾಯಲ್ಲಿ ಇಟ್ಟುಕೊಂಡಿದ್ದನ್ನು ನಾವು ಯಾರೂ ಬರೆದುಕೊಳ್ಳಲಿಲ್ಲ.

ರಿಜಿಸ್ಟರ್‌ಗಳಲ್ಲಿ ಒಂದು ವಿಚಿತ್ರ ಇದೆ. 17ನೇ ಶತಮಾನದ ಕೊನೆಯ ಭಾಗದ ಪುಟಗಳಲ್ಲಿ ಮಣ್ಣಾದವರ ಹೆಸರಿನ ಪಕ್ಕ "ಉಣ್ಣೆಯಲ್ಲಿ ಹೂಳಲಾಯಿತು" ಅಂತ ಬರೆದಿರುತ್ತಾರೆ. ಉಣ್ಣೆ ವ್ಯಾಪಾರ ಬಿದ್ದುಹೋಗಬಾರದು ಅಂತ ಸರ್ಕಾರ ಕಾಯ್ದೆ ಮಾಡಿತ್ತು, ಹೆಣಕ್ಕೆ ಉಣ್ಣೆಬಟ್ಟೆಯನ್ನೇ ಸುತ್ತಬೇಕು, ತಪ್ಪಿದರೆ 5 ಪೌಂಡ್ ದಂಡ. ಶ್ರೀಮಂತರು ದಂಡ ಕಟ್ಟಿ ತಮ್ಮವರನ್ನು ನಾರುಬಟ್ಟೆಯಲ್ಲೇ ಕಳಿಸುತ್ತಿದ್ದರು. ಚಳ್ಳಕೆರೆ ಕಂಬಳಿ ನೇಯುವವರಿಗೆ ಈ ಕಾಯ್ದೆಯ ಸುದ್ದಿ ಮುಟ್ಟಿಸಬೇಕು ಅನಿಸಿತು.

ಮತ್ತೆ ಮೋರ್‌ಬಾತ್. ಪಾದ್ರಿ ಟ್ರಿಕಿಗೆ ಒಂದು ಆಸೆ ಇತ್ತು. ತೀರಿಹೋದವರಿಗಾಗಿ ಪೂಜೆ ಮಾಡುವಾಗ ಹಾಕಿಕೊಳ್ಳಲು ಚರ್ಚ್‌ಗೆ ಒಂದು ಜೊತೆ ಕಪ್ಪು ಬಟ್ಟೆ ಬೇಕು. ಚರ್ಚ್ ಕುರಿಗಳ ಉಣ್ಣೆಯಲ್ಲಿ ತನಗೆ ಬರಬೇಕಾದ ಪಾಲನ್ನು ಬಿಟ್ಟುಕೊಟ್ಟು, ವರ್ಷ ವರ್ಷ ಒಂದಿಷ್ಟು ಸೇರಿಸುತ್ತ ಬಂದರು. ಸುಮಾರು ಇಪ್ಪತ್ತು ವರ್ಷ. 1547ರಲ್ಲಿ ಕೊನೆಗೂ ಬಟ್ಟೆ ಬಂತು. ಅದೇ ವರ್ಷ ಹೆನ್ರಿ ಸತ್ತು, ಮಗ ಆರನೇ ಎಡ್ವರ್ಡ್ ಪಟ್ಟಕ್ಕೆ ಬಂದಿದ್ದ. ಸತ್ತವರಿಗಾಗಿ ಮಾಡುವ ಪೂಜೆಯೇ ಬೇಡ ಅಂತ ಹೊಸ ಆಡಳಿತ ನಿಲ್ಲಿಸಿತು. ಮೂರ್ತಿಗಳನ್ನು ತೆಗೆಸಿದರು. ಗೋಡೆ ಮೇಲಿನ ಚಿತ್ರಗಳಿಗೆ ದೇಶದ ತುಂಬ ಸುಣ್ಣ ಬಳಿದರು. ದೀಪಗಳು ಹೋದ ಮೇಲೆ ಅವುಗಳ ನಿಧಿ ಹೋಯಿತು, ನಿಧಿ ಹೋದ ಮೇಲೆ ಕುರಿಗಳಿಗೂ ಕೆಲಸ ಇಲ್ಲವಾಯಿತು. ಹುಡುಗರ, ಹುಡುಗಿಯರ ನಿಧಿಗಳೂ ಮುಚ್ಚಿದವು. ನನಗೆ ಬಹಳ ಚುಚ್ಚಿದ್ದು ಇದು. ಮೂರ್ತಿ ತೆಗೆದವರು ಮೂರ್ತಿ ಮಾತ್ರ ತೆಗೆಯಲಿಲ್ಲ, ಅದರ ಸುತ್ತ ಕಟ್ಟಿದ್ದ ಪಾಳಿಗಳನ್ನೆಲ್ಲ ಬಿಚ್ಚಿಹಾಕಿದರು.

1549ರಲ್ಲಿ ಲ್ಯಾಟಿನ್ ಪೂಜೆ ಬಿಟ್ಟು ಇಂಗ್ಲಿಷ್ ಪುಸ್ತಕ ಓದಬೇಕು ಅಂತ ಹುಕುಂ ಬಂದಾಗ ಡೆವನ್, ಕಾರ್ನ್‌ವಾಲ್ ಕಡೆಯವರು ದಂಗೆ ಎದ್ದರು, ಎಕ್ಸೆಟರ್ ಪಟ್ಟಣಕ್ಕೆ ಮುತ್ತಿಗೆ ಹಾಕಿದರು. ಮೋರ್‌ಬಾತ್‌ನಿಂದ ಐದು ಜನ ಹುಡುಗರು ಹೋದರು. ಅವರ ಕತ್ತಿ, ಬಿಲ್ಲು, ಕೈಖರ್ಚಿಗೆ ಊರು ಕೊಟ್ಟ ದುಡ್ಡು ಚರ್ಚ್ ಲೆಕ್ಕದಲ್ಲೇ ಇದೆ. ರಾಜದ್ರೋಹದ ಖರ್ಚನ್ನೂ ಆ ಮನುಷ್ಯ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಲೆಕ್ಕ ಬರೆಯುವವನ ಚಟ ಅಂದರೆ ಅದು! ದಂಗೆ ಸೋತಿತು, ಸಾವಿರಾರು ಜನ ಸತ್ತರು. 1553ರಲ್ಲಿ ರಾಣಿ ಮೇರಿ ಬಂದು ಹಳೇ ಪದ್ಧತಿ ತಿರುಗಿ ಶುರು ಮಾಡಿದಾಗ, ಊರಿನವರು ಮನೆಗಳಲ್ಲಿ ಬಚ್ಚಿಟ್ಟಿದ್ದ ಮೂರ್ತಿಯ ತುಂಡು, ಬಟ್ಟೆ, ಪುಸ್ತಕ ಒಂದೊಂದಾಗಿ ತಂದು ಒಪ್ಪಿಸಿದರು. ಐದಾರು ವರ್ಷಕ್ಕೆ ಎಲಿಜಬೆತ್ ಬಂದು ಮತ್ತೆ ಎಲ್ಲ ಉಲ್ಟಾ. ಟ್ರಿಕಿ ಅಲ್ಲೇ ಇದ್ದರು, ಬರೆಯುತ್ತಲೇ ಇದ್ದರು.

ಇಷ್ಟೆಲ್ಲ ಹೇಳಿ ಅದೊಂದು ಸ್ವರ್ಗವಾಗಿತ್ತು ಅಂತ ಬರೆದರೆ ಸುಳ್ಳಾಗುತ್ತದೆ. 1601ರ ಬಡವರ ಕಾಯ್ದೆ ಬಂದ ಮೇಲೆ ಊರಿನ ಬಡವರಿಗೆ ಅನ್ನ, ಸೌದೆ, ಬಾಡಿಗೆ ಕೊಡುವ ಹೊಣೆ ಚರ್ಚ್ ಗಡಿಯ ಲೆಕ್ಕದಲ್ಲಿ ಆಯಾ ಊರಿನದ್ದಾಯಿತು. ಅದಕ್ಕೆ ಊರಿನವರ ಮೇಲೆ ಕಂದಾಯ. ಒಳ್ಳೆಯದೇ. ಆದರೆ ಬೇರೆ ಊರಿನ ಬಡವ ಬಂದು ನೆಲೆಸಿದರೆ ನಾಳೆ ಇವನಿಗೂ ನಾವೇ ಕೊಡಬೇಕಲ್ಲ ಅಂತ ಹಿಡಿದು ಅವನೂರಿಗೆ ವಾಪಸ್ ಅಟ್ಟುತ್ತಿದ್ದರು, ಅದಕ್ಕೆ 1662ರಲ್ಲಿ ಕಾಯ್ದೆಯೇ ಆಯಿತು. 1697ರಿಂದ ಸಹಾಯ ಪಡೆಯುವವರು ತೋಳಿನ ಮೇಲೆ ಬಟ್ಟೆಯ ಬಿಲ್ಲೆ ಹೊಲಿದುಕೊಳ್ಳಬೇಕಾಯಿತು, ಬಡವ ಅನ್ನುವುದಕ್ಕೆ ಒಂದು ಅಕ್ಷರ, ಊರಿನ ಹೆಸರಿಗೆ ಒಂದು ಅಕ್ಷರ. ಚರ್ಚ್ ಒಳಗೆ ಜಮೀನ್ದಾರರಿಗೆ ಬಾಗಿಲಿರುವ ಮರದ ಗೂಡು, ಬಡವರಿಗೆ ಹಿಂದಿನ ಬೆಂಚು. ನಮ್ಮಲ್ಲಿ ಕೆಲವರನ್ನು ಬಾಗಿಲ ಹೊರಗೇ ನಿಲ್ಲಿಸಿದ ಇತಿಹಾಸ ಇದೆ, ಅದರ ಮುಂದೆ ಇದು ಸಣ್ಣದು ಅನ್ನಬಹುದು. ಅವಮಾನ ಅವಮಾನವೇ.

ನಗು ಬರುವ ಹುದ್ದೆಗಳೂ ಇದ್ದವು. ಚರ್ಚ್ ಒಳಗೆ ನುಗ್ಗುವ ನಾಯಿ ಓಡಿಸಲು ಸಂಬಳದ ಒಬ್ಬ. ಪಾದ್ರಿಯ ಉದ್ದನೆಯ ಪ್ರವಚನದಲ್ಲಿ ತೂಕಡಿಸುವವರನ್ನು ಕೋಲಿನಿಂದ ಮುಟ್ಟಿ ಎಬ್ಬಿಸಲು ಇನ್ನೊಬ್ಬ. ಎರಡನೇ ಹುದ್ದೆ ನಮ್ಮ ಕಡೆಯ ಉತ್ಸವದ ವೇದಿಕೆಗಳಿಗೆ ತುರ್ತಾಗಿ ಬೇಕಾಗಿದೆ.

ವರ್ಷಕ್ಕೊಮ್ಮೆ ಗಡಿ ಸುತ್ತುವುದಿತ್ತು. ಪಾದ್ರಿ, ವಾರ್ಡನ್‌ಗಳು, ಊರ ಹುಡುಗರು ಸೇರಿ ಗಡಿಕಲ್ಲಿನಿಂದ ಗಡಿಕಲ್ಲಿಗೆ ನಡೆಯಬೇಕು, ಕೋಲಿನಿಂದ ಕಲ್ಲಿಗೆ ಬಡಿಯಬೇಕು. ಜಾಗ ಮರೆಯದಿರಲಿ ಅಂತ ಒಬ್ಬ ಹುಡುಗನನ್ನು ಎತ್ತಿ ಆ ಕಲ್ಲಿನ ಮೇಲೆ ಕುಕ್ಕುತ್ತಿದ್ದರು. ಮುಂದೆ ನಕ್ಷೆ ಬಂದ ಮೇಲೆ ಹುಡುಗರು ಬಚಾವಾದರು.

ಗಡಿ ಅಂದಾಗ ಈಮ್ ಅನ್ನುವ ಊರಿನ ವಿಷಯ ಬಿಡುವ ಹಾಗಿಲ್ಲ. ಡರ್ಬಿಶೈರ್‌ನ ಗುಡ್ಡದ ಹಳ್ಳಿ. 1665ರ ಸೆಪ್ಟೆಂಬರ್‌ನಲ್ಲಿ ಲಂಡನ್‌ನಿಂದ ದರ್ಜಿಗೆ ಬಂದ ಬಟ್ಟೆ ಗಂಟಿನ ಜೊತೆ ಪ್ಲೇಗ್ ಬಂತು. ಮರುವರ್ಷ ಬೇಸಿಗೆಯಲ್ಲಿ ಸಾವು ಏರಿದಾಗ ಪಾದ್ರಿ ವಿಲಿಯಂ ಮಾಂಪೆಸನ್ ಮತ್ತು ಅವರಿಗಿಂತ ಮುಂಚೆ ಅಲ್ಲಿದ್ದ ಥಾಮಸ್ ಸ್ಟ್ಯಾನ್ಲಿ ಇಬ್ಬರೂ ಸೇರಿ ಊರಿನವರನ್ನು ಒಪ್ಪಿಸಿದರು, ಯಾರೂ ಗಡಿ ದಾಟಬಾರದು ಅಂತ. ಈ ಇಬ್ಬರೂ ಬೇರೆ ಬೇರೆ ಪಂಥದವರು, ಸ್ಟ್ಯಾನ್ಲಿಯನ್ನು ಆ ಜಾಗದಿಂದ ತೆಗೆದುಹಾಕಿದ್ದರು, ಆದರೂ ಸೇರಿದರು. ಚರ್ಚ್ ಮುಚ್ಚಿ ಬಯಲಿನಲ್ಲಿ ದೂರ ದೂರ ನಿಂತು ಪ್ರಾರ್ಥನೆ ಮಾಡಿದರು. ಗಡಿಕಲ್ಲಿನ ಕುಳಿಗಳಲ್ಲಿ ವಿನೆಗರ್ ತುಂಬಿ ಅದರೊಳಗೆ ಕಾಸು ಹಾಕಿಡುತ್ತಿದ್ದರು, ಹೊರಗಿನವರು ಕಾಳು ಇಟ್ಟು ಕಾಸು ತೆಗೆದುಕೊಂಡು ಹೋಗಬೇಕು. 14 ತಿಂಗಳಲ್ಲಿ ಸುಮಾರು 260 ಜನ ಸತ್ತರು, ಅವರಲ್ಲಿ ಮಾಂಪೆಸನ್ ಹೆಂಡತಿಯೂ ಒಬ್ಬರು. ಎಲಿಜಬೆತ್ ಹ್ಯಾನ್‌ಕಾಕ್ ಅನ್ನುವ ತಾಯಿ ಎಂಟು ದಿನದಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ತಾನೇ ಗುಂಡಿ ತೋಡಿ ಮಣ್ಣು ಮಾಡಿದಳು.

ಮೈಸೂರು ಸೀಮೆಗೆ ಪ್ಲೇಗ್ ಬಂದದ್ದು 1898ರಲ್ಲಿ. ನಮ್ಮವರು ಮಾಡಿದ್ದು ಉಲ್ಟಾ. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಇಲಿ ಇರುವುದು ಊರಲ್ಲಿ ತಾನೇ, ಹಾಗಾಗಿ ಬದುಕುವ ದಾರಿ ನಮ್ಮವರದ್ದೇ ಸರಿ ಇತ್ತು. ಈಮ್‌ನವರು ಪಕ್ಕದ ಊರುಗಳನ್ನು ಉಳಿಸಲು ಹೋದರು. ಎರಡನ್ನೂ ತಕ್ಕಡಿಗೆ ಹಾಕುವುದು ನನ್ನಿಂದಾಗದು.

ಆಮೇಲೆ ಒಂದೊಂದೇ ಕೆಲಸ ಚರ್ಚ್ ಕೈಬಿಟ್ಟಿತು. 1834ರಲ್ಲಿ ಬಡವರ ಉಸ್ತುವಾರಿ ಹೊಸ ಒಕ್ಕೂಟಗಳಿಗೆ ಹೋಯಿತು. 1837ರಲ್ಲಿ ಜನನ-ಮರಣ ನೋಂದಣಿ ಸರ್ಕಾರಕ್ಕೆ. 1894ರಲ್ಲಿ ಊರ ಆಡಳಿತವೇ ಬೇರೆಯಾಗಿ ಚುನಾಯಿತ ಪರಿಷತ್ತು ಬಂತು, ನಮ್ಮ ಗ್ರಾಮ ಪಂಚಾಯ್ತಿ ಥರದ್ದು. ಇದು ಆಗಬೇಕಾದದ್ದೇ, ಚರ್ಚ್‌ಗೆ ಬಾರದವರೂ ಊರಲ್ಲಿರುತ್ತಾರಲ್ಲ. ಎಲ್ಲ ಹೋದ ಮೇಲೆ ಉಳಿದಿದ್ದು ಪೂಜೆ, ಸ್ಮಶಾನ, ಮತ್ತು ಸೋರುವ ಸೂರು.

ನನ್ನ ಅಕ್ಕನ ಮಗಳು ಎಕ್ಸೆಟರ್ ಕಡೆ ಆಸ್ಪತ್ರೆಯಲ್ಲಿ ನರ್ಸ್. ಅವಳ ಮನೆಗೆ ಹೋಗಿದ್ದಾಗ ಹತ್ತಿರದ ಹಳ್ಳಿ ಚರ್ಚ್ ಒಂದಕ್ಕೆ ಕರೆದುಕೊಂಡು ಹೋದಳು. ಬಾಗಿಲಿಗೆ ಬೀಗ ಇರಲಿಲ್ಲ, ಒಳಗೆ ಯಾರೂ ಇರಲಿಲ್ಲ. ಒಂದು ಹಲಗೆಯ ಮೇಲೆ ಪಾದ್ರಿಗಳ ಪಟ್ಟಿ, 13ನೇ ಶತಮಾನದಿಂದ ಇವತ್ತಿನವರೆಗೆ. ನಮ್ಮ ಹರಿಹರದ ಹರಿಹರೇಶ್ವರ ಗುಡಿಯನ್ನು ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು 1224ರಲ್ಲಿ, ಹೆಚ್ಚು ಕಡಿಮೆ ಅದೇ ಕಾಲ. ಪಟ್ಟಿಯ ಪಕ್ಕ ಒಂದು ಪ್ರಿಂಟ್ ಹಾಳೆ ಅಂಟಿಸಿತ್ತು. ಈ ತಿಂಗಳು ಹೂ ಯಾರು, ಗುಡಿಸುವುದು ಯಾರು, ಹಿತ್ತಾಳೆ ಉಜ್ಜುವುದು ಯಾರು, ಬೈಬಲ್ ಓದುವುದು ಯಾರು, ಟೀ ಯಾರು. ಐದು ಕೆಲಸ, ನಾಲ್ಕೇ ನಾಲ್ಕು ಹೆಸರು ತಿರುಗಿ ತಿರುಗಿ ಬರುತ್ತಿದ್ದವು. ಒಂದು ಹೆಸರನ್ನು ಪೆನ್ನಿನಲ್ಲಿ ಹೊಡೆದು, ಪಕ್ಕದಲ್ಲಿ "ಮಂಡಿ ಆಪರೇಷನ್" ಅಂತ ಬರೆದಿತ್ತು. ಆ ಹಾಳೆಯ ಫೋಟೋ ತೆಗೆದುಕೊಂಡು ಬಂದಿದ್ದೇನೆ. ಇಡೀ ಪ್ರವಾಸದಲ್ಲಿ ನಾನು ತೆಗೆದ ಒಳ್ಳೆಯ ಫೋಟೋ ಅದು.

ಇಂಗ್ಲೆಂಡಿನ ಚರ್ಚ್ ರಾಜರ ಚರ್ಚ್, ಸರ್ಕಾರ ಸಾಕುತ್ತದೆ ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಪಾದ್ರಿಗೆ ಸರ್ಕಾರ ಸಂಬಳ ಕೊಡುವುದಿಲ್ಲ. ಸುಮಾರು 16,000 ಚರ್ಚ್ ಕಟ್ಟಡಗಳಿವೆ, ಅದರಲ್ಲಿ 12,000ಕ್ಕೂ ಜಾಸ್ತಿ ಸಂರಕ್ಷಿತ ಪಟ್ಟಿಯಲ್ಲಿವೆ, ಅವುಗಳ ದಿನದ ಖರ್ಚು ಹೊರುವವರು ಆ ಹಾಳೆಯ ಮೇಲಿನ ನಾಲ್ಕು ಹೆಸರಿನಂಥವರು. ಹಳ್ಳಿಗಳಲ್ಲಿ ಒಬ್ಬ ಪಾದ್ರಿಗೆ ಐದಾರು ಚರ್ಚ್, ಭಾನುವಾರ ಕಾರಿನಲ್ಲಿ ಊರಿಂದೂರಿಗೆ ಓಡುತ್ತಿರುತ್ತಾರೆ. ಸೂರಿನ ಸೀಸದ ತಗಡನ್ನು ರಾತ್ರೋರಾತ್ರಿ ಕಳ್ಳರು ಕಿತ್ತು ಗುಜರಿಗೆ ಹಾಕುತ್ತಾರೆ. ಇನ್ನು ಬಾವಲಿ. ಅಲ್ಲಿ ಬಾವಲಿಗೆ ಕಾನೂನಿನ ರಕ್ಷಣೆ ಇದೆ, ಓಡಿಸುವ ಹಾಗಿಲ್ಲ. ಬೆಳಿಗ್ಗೆ ಬಂದು ಪೂಜೆಯ ಮೇಜಿನ ಮೇಲಿನ ಹಿಕ್ಕೆ ಒರೆಸಿ ಪ್ರಾರ್ಥನೆ ಶುರು ಮಾಡಬೇಕು. ಕೋಟೆಯ ಮೇಲಿನ ಗುಡಿಗಳ ಆ ವಾಸನೆ ಗೊತ್ತಿರುವ ದುರ್ಗದವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಸಾಯಂಕಾಲ ಗೋಪುರದಲ್ಲಿ ಗಂಟೆ ಅಭ್ಯಾಸ ನಡೆಯಿತು. ಅಲ್ಲಿ ಗಂಟೆಯಲ್ಲಿ ರಾಗ ನುಡಿಸುವುದಿಲ್ಲ. ಆರು ಗಂಟೆ, ಆರು ಹಗ್ಗ, ಆರು ಜನ. ಒಂದು, ಎರಡು, ಮೂರು ಅಂತ ಇಳಿಯುವ ಕ್ರಮವನ್ನು ಪ್ರತಿ ಸುತ್ತಿಗೂ ಬದಲಾಯಿಸುತ್ತ ಹೋಗಬೇಕು, ಬಂದ ಕ್ರಮ ಮತ್ತೆ ಬರಬಾರದು. ಆರು ಗಂಟೆ ಇದ್ದರೆ 720 ಕ್ರಮ, ಅರ್ಧ ತಾಸಿಗೆ ಸ್ವಲ್ಪ ಕಡಿಮೆ ಹಿಡಿಯುತ್ತದೆ. ಏಳು ಗಂಟೆ ಇದ್ದರೆ 5,040, ಹೆಚ್ಚು ಕಡಿಮೆ ಮೂರು ತಾಸು. ಯಾರ ಕೈಯಲ್ಲೂ ಚೀಟಿ ಇಲ್ಲ, ಎಲ್ಲ ತಲೆಯಲ್ಲೇ. ಎಳೆಯುವವರಲ್ಲಿ ಇಬ್ಬರು ತಮಗೆ ದೇವರ ಮೇಲೆ ನಂಬಿಕೆಯೇ ಇಲ್ಲ ಅಂದರು. ಗಂಟೆಗೋಸ್ಕರ ಬರುತ್ತಾರಂತೆ. 1940ರಲ್ಲಿ ಯುದ್ಧದ ಸಮಯದಲ್ಲಿ ಶತ್ರು ಇಳಿದರೆ ಮಾತ್ರ ಬಾರಿಸಬೇಕು ಅಂತ ದೇಶದ ಎಲ್ಲ ಗಂಟೆಗಳನ್ನೂ ನಿಲ್ಲಿಸಿದ್ದರು, 1943ರಲ್ಲಿ ಆ ನಿಷೇಧ ತೆಗೆದರು. ನಮ್ಮೂರ ಭಜನೆ ಮೇಳದಲ್ಲೂ ಹಾರ್ಮೋನಿಯಂಗೋಸ್ಕರ ಬರುವ ಒಬ್ಬ ನಾಸ್ತಿಕ ಮೇಷ್ಟ್ರಿದ್ದಾರೆ, ಅವರಿಗೆ ಈ ವಿಷಯ ಹೇಳಿದೆ, ಬಹಳ ಖುಷಿಪಟ್ಟರು.

ನಾನು ಹೋದ ಚರ್ಚ್‌ನಲ್ಲಿ ಶೌಚಾಲಯ ಇರಲಿಲ್ಲ. ಟೀ ಕೊಟ್ಟ ಅಮ್ಮನನ್ನು ಕೇಳಿದರೆ, ಅರ್ಜಿ ಹಾಕಿ ವರ್ಷಗಳಾದವು ಅಂದರು. ಅಲ್ಲಿ ಒಂದು ಬೆಂಚು ಜರುಗಿಸಬೇಕಾದರೂ ಚರ್ಚ್‌ನ ಸ್ವಂತ ನ್ಯಾಯಾಲಯದ ಅನುಮತಿ ಬೇಕು, ಬಾಗಿಲಿಗೆ 28 ದಿನ ನೋಟಿಸ್ ಅಂಟಿಸಬೇಕು, ತಕರಾರಿದ್ದವರು ಹೇಳಬಹುದು. ಇಷ್ಟು ಬಿಗಿ ಯಾಕೆ ಅಂದರೆ ಒಮ್ಮೆ ಕೈ ಸುಟ್ಟುಕೊಂಡಿದ್ದಾರೆ. ರಾಣಿ ವಿಕ್ಟೋರಿಯಾ ಕಾಲದಲ್ಲಿ ಜೀರ್ಣೋದ್ಧಾರದ ಹುಚ್ಚು ಹತ್ತಿ ಸಾವಿರಾರು ಚರ್ಚುಗಳ ಹಳೇ ಗಾರೆ ಕೆರೆದರು, ಹಳೇ ಮರಗೆಲಸ ಕಿತ್ತರು, ಊರಿನವರು ಪಿಟೀಲು, ಕೊಳಲು ನುಡಿಸುತ್ತಿದ್ದ ಅಟ್ಟವನ್ನು ಒಡೆದು ಅದರ ಬದಲು ಆರ್ಗನ್ನೋ ಹಾರ್ಮೋನಿಯಮ್ಮೋ ತಂದಿಟ್ಟರು. ಇದನ್ನು ನೋಡಿ ಸಿಟ್ಟಾಗಿ ವಿಲಿಯಂ ಮಾರಿಸ್ 1877ರಲ್ಲಿ ಹಳೇ ಕಟ್ಟಡಗಳನ್ನು ಕಾಪಾಡುವ ಸಂಘ ಕಟ್ಟಿದರು. ಕೆರೆಯಬೇಡಿ, ಸುಮ್ನೆ ಸೂರು ಸೋರದ ಹಾಗೆ ನೋಡಿಕೊಳ್ಳಿ, ಅಷ್ಟು ಸಾಕು ಅನ್ನುವುದು ಅವರ ವಾದ.

ಆ ಹುಚ್ಚು ಈಗ ನಮ್ಮ ಕಡೆ ಬಂದಿದೆ. ಹರಿಹರೇಶ್ವರ ಗುಡಿಯಂಥದ್ದಕ್ಕೆ ಪುರಾತತ್ವ ಇಲಾಖೆ ಇದೆ. ಊರ ಗುಡಿಗಳಿಗೆ ಯಾರಿದ್ದಾರೆ? ಪಾಳೇಗಾರರ ಕಾಲದ ಕಲ್ಲುಕಂಬಕ್ಕೆ ಆಯಿಲ್ ಪೇಂಟ್ ಬಳಿಯುತ್ತಾರೆ, ಶಾಸನದ ಮೇಲೂ ಬಳಿಯುತ್ತಾರೆ, ಚಪ್ಪಡಿ ನೆಲದ ಮೇಲೆ ಹೊಳೆಯುವ ಟೈಲ್ಸ್ ಹಾಕಿಸಿ ದಾನಿಗಳ ಹೆಸರು ಕೆತ್ತಿಸುತ್ತಾರೆ. ಯಾರ ಅಪ್ಪಣೆಯೂ ಬೇಡ, ನೋಟಿಸೂ ಬೇಡ. ಶೌಚಾಲಯಕ್ಕೆ ವರ್ಷಗಟ್ಟಲೆ ಕಾಯಿಸುವುದು ಅತಿಯಾಯಿತು ಅಂತ ನನಗೂ ಅನಿಸುತ್ತದೆ, ಆದರೆ 28 ದಿನದ ನೋಟಿಸ್ ಮಾತ್ರ ನಮ್ಮ ಊರುಗಳಿಗೂ ಬೇಕು ಅಂತ ಹಟವಿದೆ. ನಮ್ಮ ಗುಡಿಗೂ ಟೈಲ್ಸ್ ಕೊಡಿಸುವ ದಾನಿ ಸಿಕ್ಕಿದ್ದಾರೆ, ಬರುವ ಅಮಾವಾಸ್ಯೆಗೆ ಸಭೆ. ನಾನು ಬೇಡ ಅನ್ನುವವನು ಅಂತ ಆಗಲೇ ಸುದ್ದಿ ಹಬ್ಬಿದೆ. ಮೊನ್ನೆ ದೊಡ್ಡಪ್ಪನ ಹತ್ತಿರ ಈ ವಿಲಿಯಂ ಮಾರಿಸ್ ಕಥೆಯನ್ನೆಲ್ಲ ಹೇಳಿ, ಸಭೆಯಲ್ಲಿ ನನ್ನ ಪರ ಒಂದು ಮಾತಾಡಿ ಅಂದೆ.

"ಮಾತಾಡ್ತೀನಿ," ಅಂದರು, "ಆದ್ರೆ ಟೈಲ್ಸ್ ಬ್ಯಾಡ ಅಂದ್ಮೇಲೆ ಆ ಕಲ್ಲು ತೊಳೆಯೋ ಪಾಳಿ ಮೊದ್ಲು ನಿನ್ ಹೆಸರಿಗೇ ಬರೀತಾರೆ, ನೋಡ್ಕೋ."